ಗೆದ್ದ ಮೇಲೂ ಖರ್ಚು ನಮ್ಮದೇ ಯಾಕೆ? ಕಾನೂನು ಸಚಿವರಿಗೆ, ಅಬಕಾರಿ ಸಚಿವರಿಗೆ ಮಂಡ್ಯದಿಂದ ಒಂದು ಪತ್ರ

ಮಾನ್ಯ ಕಾನೂನು ಸಚಿವರಿಗೆ ಮತ್ತು ಮಾನ್ಯ ಅಬಕಾರಿ ಸಚಿವರಿಗೆ,

ಮಂಡ್ಯದಿಂದ ನಮಸ್ಕಾರಗಳು.

ನಾನು ಒಂದು ಸಿಎಲ್-2 ಸನ್ನದುದಾರಳು, ಅಂದರೆ ಮದ್ಯ ಚಿಲ್ಲರೆ ಮಾರುವ ಲೈಸೆನ್ಸ್ ಇರುವವಳು. ನಮ್ಮ ಕಡೆ ಜನ ಹೇಳುವ ಹಾಗೆ ಹೇಳಿದರೆ ಬ್ರಾಂದಿ ಅಂಗಡಿಯವಳು. ಅಂಗಡಿ ನಮ್ಮ ಮಾವನವರ ಕಾಲದ್ದು. ಅವರಿಂದ ನನ್ನ ಗಂಡನಿಗೆ ಬಂತು. ಅವರು ತೀರಿಕೊಂಡ ಮೇಲೆ ಸನ್ನದು ನನ್ನ ಹೆಸರಿಗೆ ವರ್ಗವಾಯಿತು. ಒಂಬತ್ತು ವರ್ಷದಿಂದ ಗಲ್ಲಾದಲ್ಲಿ ನಾನೇ ಕೂರುತ್ತೇನೆ. ಮೈದುನ ಜೊತೆಗಿದ್ದಾನೆ. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ.

ಕಳೆದ ವರ್ಷ ನಾನು ಒಂದು ಕೇಸು ಗೆದ್ದೆ. ನನ್ನ ಸನ್ನದನ್ನು ಅಮಾನತು ಮಾಡಿದ್ದ ಆದೇಶ ಮೇಲ್ಮನವಿಯಲ್ಲಿ ರದ್ದಾಯಿತು. ಅದಕ್ಕೆ ಮೂರು ವರ್ಷ ಎರಡು ತಿಂಗಳು ಹಿಡಿಯಿತು. ತೀರ್ಪಿನ ಪ್ರತಿ ಕೈಗೆ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದೆವು. ಊಟ ಆದ ಮೇಲೆ ಮಗಳು ಅದನ್ನು ಜೋರಾಗಿ ಓದಿದಳು. ಎಲ್ಲ ನಮ್ಮ ಕಡೆಗೇ ಇತ್ತು. ಆಮೇಲೆ ಕೊನೆಯ ಸಾಲು ಬಂತು. ಅದರ ಅರ್ಥ ಇಷ್ಟು: ಉಭಯ ಪಕ್ಷಗಾರರು ತಮ್ಮ ತಮ್ಮ ಖರ್ಚನ್ನು ತಾವೇ ಭರಿಸತಕ್ಕದ್ದು.

ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆದೇಶ ಹೊರಡಿಸಿದ ಕಚೇರಿ ಯಾವುದು, ಅಧಿಕಾರಿ ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಆಗ ಇದ್ದವರು ವರ್ಗವಾಗಿ ಹೋಗಿದ್ದಾರೆ. ಈಗ ಇರುವವರು ನಮ್ಮ ಜೊತೆ ಸರಿಯಾಗಿಯೇ ಮಾತಾಡುತ್ತಾರೆ. ಯಾರ ಮೇಲೂ ಸೇಡು ತೀರಿಸಿಕೊಳ್ಳುವ ಆಸೆ ನನಗಿಲ್ಲ. ನಾನು ಕೇಳುತ್ತಿರುವುದು ಒಂದು ನಿಯಮ.

ಆಗಿದ್ದು ಇಷ್ಟು. ಜೂನ್ ತಿಂಗಳ ಒಂದು ದಿನ, ಮಧ್ಯಾಹ್ನ ಹನ್ನೆರಡೂವರೆಗೆ ಡಿಪೋದಿಂದ ಲಾರಿ ಬಂತು. 2003ರಲ್ಲಿ ಮದ್ಯದ ಸಗಟು ಮಾರಾಟಕ್ಕೆಂದು ಸರ್ಕಾರದ ರಾಜ್ಯ ಪಾನೀಯ ನಿಗಮ ಶುರುವಾದ ಮೇಲೆ ನಾವು ಬೇರೆ ಎಲ್ಲೂ ಮಾಲು ತರುವ ಹಾಗಿಲ್ಲ. ಮೊದಲೇ ಹಣ ಕಟ್ಟಬೇಕು, ಬೇಕಾದ ಮಾಲಿನ ಪಟ್ಟಿ, ಅಂದರೆ ಇಂಡೆಂಟ್, ಹಾಕಬೇಕು. ಆಮೇಲೆ ಬಿಲ್ಲು, ಪರ್ಮಿಟ್ ಸಮೇತ ಮಾಲು ಬರುತ್ತದೆ. ಅಂದರೆ ನಮ್ಮ ಅಂಗಡಿಗೆ ಬರುವ ಒಂದೊಂದು ಪೆಟ್ಟಿಗೆಯ ಲೆಕ್ಕವೂ ಸರ್ಕಾರದ ಹತ್ತಿರ ಮೊದಲೇ ಇರುತ್ತದೆ. ಅವತ್ತು ಹದಿನೆಂಟು ಪೆಟ್ಟಿಗೆ ಇಳಿಸಿದರು. ಹುಡುಗರು ಇನ್ನೂ ಜೋಡಿಸುತ್ತಿದ್ದರು. ನಾನು ಅತ್ತೆಯನ್ನು ಕರೆದುಕೊಂಡು ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಸಂಜೆ ಬಂದು ದಾಸ್ತಾನು ಪುಸ್ತಕದಲ್ಲಿ ಬರೆಯೋಣ ಎಂದುಕೊಂಡಿದ್ದೆ. ಮೂರು ಗಂಟೆಗೆ ತಪಾಸಣೆ ಬಂತು.

ಪುಸ್ತಕದಲ್ಲಿ ಇರುವುದಕ್ಕಿಂತ ಹದಿನೆಂಟು ಪೆಟ್ಟಿಗೆ ಜಾಸ್ತಿ. ಮೈದುನ ಬಿಲ್ಲು ತೋರಿಸಿದ. ತಪಾಸಣೆಯವರು ಬರೆದ ಮಹಜರಿನಲ್ಲಿ ಅದು ಬರಲಿಲ್ಲ. ಆಮೇಲೆ ಕಾರಣ ಕೇಳಿ ನೋಟಿಸ್ ಬಂತು. ಉತ್ತರ ಕೊಡಲು ಏಳು ದಿನ ಸಮಯ ಇತ್ತು. ನಾನು ಐದನೇ ದಿನವೇ ಬಿಲ್ಲು, ಪರ್ಮಿಟ್ ಎರಡರ ಜೆರಾಕ್ಸ್ ಇಟ್ಟು ಉತ್ತರ ಕೊಟ್ಟೆ. ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಂಡೆ. ಅದಾಗಿ ನಾಲ್ಕು ದಿನಕ್ಕೆ ಆದೇಶ ಬಂತು. ‘ಸನ್ನದುದಾರರಿಂದ ಯಾವುದೇ ಉತ್ತರ ಬಂದಿರುವುದಿಲ್ಲ. ಮುಂದಿನ ಆದೇಶದವರೆಗೆ ಸನ್ನದು ಅಮಾನತು.’

ಪುಸ್ತಕ ಬರೆಯುವುದು ತಡವಾಯಿತು ಎಂಬುದು ನನ್ನ ತಪ್ಪು. ಅದನ್ನು ಉತ್ತರದಲ್ಲೂ ಒಪ್ಪಿಕೊಂಡಿದ್ದೆ. ಎರಡೂವರೆ ಗಂಟೆ ತಡವಾಗಿದ್ದಕ್ಕೆ ಎಚ್ಚರಿಕೆ ಕೊಟ್ಟಿದ್ದರೆ ತಲೆ ಬಗ್ಗಿಸಿ ತೆಗೆದುಕೊಳ್ಳುತ್ತಿದ್ದೆ. ಆದರೆ ಆದೇಶದಲ್ಲಿ ಇದ್ದ ಮಾತು ‘ಅಕ್ರಮ ದಾಸ್ತಾನು’. ಸರ್ಕಾರದ ನಿಗಮದಿಂದಲೇ, ಸರ್ಕಾರದ ಬಿಲ್ಲಿನಲ್ಲೇ ಬಂದ ಮಾಲು ಅದು.

ಅದೂ ಜೂನ್ ತಿಂಗಳಲ್ಲಿ. ನಮ್ಮ ಸನ್ನದಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣದ ಹೊತ್ತಿಗೆ ಅಮಾನತು ಅಂದರೆ ಏನು ಎಂದು ಈ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ತಡೆಯಾಜ್ಞೆ ಸಿಗುವವರೆಗೆ 52 ದಿನ ಬಾಗಿಲು ಮುಚ್ಚಿತ್ತು. ಬೆಳಗ್ಗೆ ಎದ್ದರೆ ಎಲ್ಲಿಗೆ ಹೋಗಬೇಕು ಎಂದು ತಿಳಿಯುತ್ತಿರಲಿಲ್ಲ. ಬಾಗಿಲ ಮೇಲಿನ ನೋಟಿಸ್ ಓದಿಕೊಂಡು ಹೋಗುವವರ ಮುಖ ನೋಡಲು ಆಗದೆ ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ. ಅತ್ತೆಗೆ ಮಾತ್ರ ಅಂಗಡಿಗೆ ಬಣ್ಣ ಹೊಡೆಸುತ್ತಿದ್ದೇವೆ ಎಂದು ಹೇಳಿದ್ದೆವು.

ಆ ದಿನಗಳಲ್ಲಿ ಬಂದವರೆಲ್ಲ ಒಂದೇ ಮಾತು ಹೇಳಿದರು. ‘ದಂಡ ಕಟ್ಬುಡಿ ಅಕ್ಕ. ಸುಮ್ನೆ ಯಾಕೆ ಕೋರ್ಟು ಕಚೇರಿ ಅಂತ ಅಲೀತೀರಾ?’ ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಅಮಾನತಿನ ಬದಲು ದಂಡ ಕಟ್ಟಿ ಮುಗಿಸಿಕೊಳ್ಳುವ ದಾರಿ ಕಾಯ್ದೆಯಲ್ಲೇ ಇದೆ. ಕಟ್ಟಿದ್ದರೆ ಒಂದು ವಾರದಲ್ಲಿ ಬಾಗಿಲು ತೆರೆಯುತ್ತಿತ್ತು. ಕೇಸಿಗೆ ಆದ ಖರ್ಚಿನ ಕಾಲುಭಾಗವೂ ಆಗುತ್ತಿರಲಿಲ್ಲ. ಆದರೆ ಕಡತದಲ್ಲಿ ನನ್ನ ಹೆಸರಿನ ಮುಂದೆ ‘ಅಕ್ರಮ ದಾಸ್ತಾನು, ದಂಡ ವಸೂಲಿ’ ಎಂದು ಉಳಿಯುತ್ತಿತ್ತು. ಮುಂದಿನ ಸಲ ತಪಾಸಣೆಗೆ ಬರುವವರು ಮೊದಲು ಓದುವುದು ಅದನ್ನೇ. ಇಪ್ಪತ್ತಾರು ವರ್ಷ ನನ್ನ ಗಂಡ ಒಂದು ಕಪ್ಪು ಚುಕ್ಕೆ ಇಲ್ಲದೆ ಇಟ್ಟುಕೊಂಡ ಅಂಗಡಿ ಅದು. ನನಗೆ ಆಗಲಿಲ್ಲ. ಮೇಲ್ಮನವಿ ಹಾಕಿದೆ.

ಅವರು ಇದ್ದಾಗ ಒಂದು ಅಭ್ಯಾಸ ಕಲಿಸಿದ್ದರು. ‘ಎಷ್ಟೇ ಸಣ್ಣದಿರಲಿ, ಬರೆದಿಡು’ ಎನ್ನುತ್ತಿದ್ದರು. ಹಾಗಾಗಿ ಈ ಕೇಸಿಗೇ ಒಂದು ಬೇರೆ ಪುಸ್ತಕ ಮಾಡಿದೆ. ಅದರಲ್ಲಿರುವುದನ್ನು ಹಾಗೇ ಹೇಳುತ್ತೇನೆ.

ಎರಡು ಹಂತದ ಮೇಲ್ಮನವಿಗೆ ವಕೀಲರ ಫೀಸು 1,60,000 ರೂಪಾಯಿ. ಟೈಪಿಂಗ್, ಜೆರಾಕ್ಸ್, ಸ್ಟಾಂಪು, ದೃಢೀಕೃತ ಪ್ರತಿ ಎಲ್ಲ ಸೇರಿ 11,400. ಬೆಂಗಳೂರಿಗೆ 31 ಸಲ ಹೋಗಿಬಂದೆವು, ನಾನು ಮತ್ತು ಮೈದುನ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತುವುದು, ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹಿಡಿಯುವುದು, ಸಂಜೆ ವಾಪಸ್ಸು. ಸಲಕ್ಕೆ 600ರ ಹಾಗೆ 18,600. ಇಷ್ಟಕ್ಕೇ 1,90,000 ಆಯಿತು. ಮುಚ್ಚಿದ 52 ದಿನದ ಅಂಗಡಿ ಬಾಡಿಗೆ 38,000. ಹುಡುಗರ ಸಂಬಳ 48,500. ಕೆಲಸ ಇಲ್ಲ ಎಂದು ಅವರನ್ನು ಬಿಡಿಸುವುದಕ್ಕೆ ಮನಸ್ಸಾಗಲಿಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕು, ಅಲ್ವಾ. ಒಟ್ಟು 2,76,500 ರೂಪಾಯಿ. ಇದರಲ್ಲಿ ಹೋದ ವ್ಯಾಪಾರದ ಲಾಭ ಸೇರಿಲ್ಲ. ಇಡೀ ವರ್ಷಕ್ಕೆಂದು ಮುಂಗಡ ಕಟ್ಟಿದ ಸನ್ನದು ಶುಲ್ಕದಲ್ಲಿ ಮುಚ್ಚಿದ್ದ ದಿನಗಳ ಪಾಲೂ ಸೇರಿಲ್ಲ. ಅದು ಇವತ್ತಿಗೂ ವಾಪಸ್ಸು ಬಂದಿಲ್ಲ.

ಆ 31 ಸಲದಲ್ಲಿ 14 ಸಲ ಬರೀ ವಾಯಿದೆ. ಎದುರು ಕಡೆಯಿಂದ ಕಡತ ಬಂದಿಲ್ಲ, ಇನ್ನೂ ಸೂಚನೆ ಬಂದಿಲ್ಲ ಎಂದು ದಿನ ಮುಂದಕ್ಕೆ ಹೋಗುತ್ತಿತ್ತು. ಮದ್ದೂರು ದಾಟುವಾಗ ಮೈದುನ ವಡೆ ತೆಗೆದುಕೊಳ್ಳುತ್ತಿದ್ದ. ನಾನು ಆ ದಿನದ ಖರ್ಚು ಬರೆಯುತ್ತಿದ್ದೆ. ಒಂದು ಸಂಜೆ ಅವನು ‘ಅತ್ತಿಗೆ, ನಾವು ಗೆದ್ದರೆ ಇದೆಲ್ಲ ಕೊಡ್ತಾರೆ ಅಲ್ವಾ?’ ಎಂದು ಕೇಳಿದ. ‘ಕೊಡದೆ ಇರ್ತಾರಾ’ ಎಂದೆ. ನಾನು ಅದನ್ನು ಪೂರ್ತಿ ನಂಬಿದ್ದೆ.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆ ನಮ್ಮಲ್ಲಿ ಹಳೆಯದು. ಅಣ್ಣತಮ್ಮಂದಿರ ಜಮೀನಿನ ಜಗಳಕ್ಕೆ ಹೇಳುವ ಮಾತು ಅದು. ಅಲ್ಲಿ ಇಬ್ಬರ ಜೇಬೂ ಖಾಲಿಯಾಗುತ್ತದೆ. ನನ್ನ ಕೇಸಿನಲ್ಲಿ ಜೇಬು ಖಾಲಿಯಾಗಿದ್ದು ಒಂದೇ ಕಡೆ. ಎದುರು ನಿಂತ ಸರ್ಕಾರಿ ವಕೀಲರಿಗೆ ಖಜಾನೆಯಿಂದ ಹಣ ಹೋಗುತ್ತದೆ. ತಪ್ಪು ಆದೇಶ ಬರೆದವರಿಗೆ ಒಂದು ರೂಪಾಯಿ ಖರ್ಚಿಲ್ಲ, ಒಂದು ದಿನದ ರಜೆಯೂ ಹೋಗುವುದಿಲ್ಲ. ಆ ಆದೇಶ ತಪ್ಪು ಎಂದು ತೋರಿಸಿದವಳು ಮಾತ್ರ ಬಳೆ ಅಡ ಇಡಬೇಕಾಯಿತು.

ಮಗಳು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ಆ ಕೊನೆಯ ಸಾಲು ಓದಿದ ದಿನದಿಂದ ಅವಳು ಪುಸ್ತಕ ಹುಡುಕಲು ಶುರು ಮಾಡಿದಳು. ಪ್ರತಿ ಭಾನುವಾರ ಬಂದಾಗ ನನಗೆ ಒಂದೊಂದು ವಿಷಯ ಬಿಡಿಸಿ ಹೇಳುತ್ತಾಳೆ. ಕೆಳಗೆ ಬರೆಯುತ್ತಿರುವುದು ಅವಳಿಂದ ಕಲಿತದ್ದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಖರ್ಚಿನ ಬಗ್ಗೆಯೇ ಇದೆ. ಗೆದ್ದವರಿಗೆ ಖರ್ಚು ಕೊಡಿಸದೆ ಇದ್ದರೆ ಯಾಕೆ ಕೊಡಿಸಲಿಲ್ಲ ಎಂದು ಕೋರ್ಟು ಕಾರಣ ಬರೆಯಬೇಕು ಎಂದು ಅದು ಹೇಳುತ್ತದೆ. ಸುಳ್ಳು ಕೇಸು ಹಾಕಿ ಪೀಡಿಸಿದವರಿಂದ ಪರಿಹಾರ ಕೊಡಿಸಲು 35ಎ ಇದೆ. ಆದರೆ ಅದರ ಮಿತಿ 3,000 ರೂಪಾಯಿ. 1976ರ ತಿದ್ದುಪಡಿಯಲ್ಲಿ ಇಟ್ಟ ಮೊತ್ತ ಅದು. ಆಗ ಅದು ದೊಡ್ಡ ಹಣವೇ ಇರಬೇಕು. ಇವತ್ತು ನಮ್ಮ ಐದು ಸಲದ ಬೆಂಗಳೂರು ಪ್ರಯಾಣಕ್ಕೆ ಸರಿಹೋಗುತ್ತದೆ.

ಸುಪ್ರೀಂ ಕೋರ್ಟು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಖರ್ಚು ಅಂದರೆ ನಿಜವಾಗಿ ಆದ, ನ್ಯಾಯವಾದ ಖರ್ಚು. ಕೋರ್ಟ್ ಶುಲ್ಕ, ವಕೀಲರ ಫೀಸು, ಟೈಪಿಂಗ್ ಮಾತ್ರ ಅಲ್ಲ. ಗೆದ್ದವರು ಕಳೆದುಕೊಂಡ ಸಮಯ, ಓಡಾಟ, ತಂಗಿದ ಖರ್ಚೂ ಸೇರಬೇಕು. ಇದನ್ನು ಮಗಳು ಓದಿ ಹೇಳಿದಾಗ ನನ್ನ ಪುಸ್ತಕವನ್ನೇ ಯಾರೋ ನೋಡಿ ಬರೆದ ಹಾಗೆ ಅನಿಸಿತು. ಚಾಮುಂಡಿ ಎಕ್ಸ್‌ಪ್ರೆಸ್‌ನ ಟಿಕೆಟ್ಟೂ ಖರ್ಚು ಎಂದು ದೇಶದ ದೊಡ್ಡ ಕೋರ್ಟು ಒಪ್ಪಿಕೊಂಡಿದೆ.

ಆದರೆ 2011ರಲ್ಲಿ ಇನ್ನೊಂದು ತೀರ್ಪು ಬಂತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಅವರ ಪೀಠದ್ದು. ದೆಹಲಿ ಹೈಕೋರ್ಟು ಒಂದು ಕೇಸಿನಲ್ಲಿ ಗೆದ್ದವರಿಗೆ 45,28,000 ರೂಪಾಯಿ ಖರ್ಚು ಕೊಡಿಸಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ನಿಜವಾದ ಖರ್ಚು ಕೊಡಿಸುವುದು ಒಳ್ಳೆಯದೇ, ಆದರೆ ಈಗಿರುವ ನಿಯಮ ಅಷ್ಟಕ್ಕೆ ಅವಕಾಶ ಕೊಡುವುದಿಲ್ಲ, ನಿಯಮವನ್ನೇ ಬದಲಾಯಿಸಬೇಕು ಎಂದು ಹೇಳಿತು. ಮರುವರ್ಷ, 2012ರಲ್ಲಿ, ಕಾನೂನು ಆಯೋಗ ಕೇಸಿನ ಖರ್ಚಿನ ಮೇಲೆಯೇ ಒಂದು ವರದಿ ಕೊಟ್ಟಿತು. ಅದು 240ನೇ ವರದಿ. ಅಂದರೆ ಚೆಂಡು ನ್ಯಾಯಾಧೀಶರ ಅಂಗಳದಲ್ಲಿ ಇಲ್ಲ. ನಿಯಮ ಬರೆಯುವವರ ಅಂಗಳದಲ್ಲಿ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಇಬ್ಬರು ವ್ಯಾಪಾರಿಗಳ ನಡುವೆ ಆಗಿದ್ದರೆ ಆಗಲೇ ಬದಲಾಗಿದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ವಾಣಿಜ್ಯ ವ್ಯಾಜ್ಯದಲ್ಲಿ ಸೋತವರು ಗೆದ್ದವರ ಖರ್ಚು ಕೊಡುವುದೇ ಸಾಮಾನ್ಯ ನಿಯಮ. ಕೊಡಿಸದಿದ್ದರೆ ಕಾರಣ ಬರೆಯಬೇಕು. ನಾನು ನಾಳೆ ಮೈಸೂರಿನ ಒಬ್ಬ ವ್ಯಾಪಾರಿಗೆ ದೊಡ್ಡ ಮೊತ್ತದ ಮೋಸ ಮಾಡಿ, ಅವರು ನನ್ನ ಮೇಲೆ ಕೇಸು ಗೆದ್ದರೆ ಅವರ ಖರ್ಚು ನಾನು ತುಂಬಬೇಕು. ಅದು ಸರಿಯಾದದ್ದೇ. ಒಬ್ಬ ವ್ಯಾಪಾರಿ ಇನ್ನೊಬ್ಬರಿಗೆ ತೋರಿಸಬೇಕಾದ ಈ ಮರ್ಯಾದೆಯನ್ನು ಸರ್ಕಾರ ತನ್ನ ಜನರಿಗೆ ತೋರಿಸಬೇಡವೇ?

ನಷ್ಟ ಕೇಳಿ ಸಿವಿಲ್ ದಾವೆ ಹಾಕಬಹುದಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ಸರ್ಕಾರದ ಮೇಲೆ ದಾವೆ ಹಾಕಲು ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ಕೇಳುವ ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಬೇಕು. ಮತ್ತೆ ವಕೀಲರು, ಮತ್ತೆ ವಾಯಿದೆ. ಒಂದು ಕೇಸಿನ ಖರ್ಚು ವಸೂಲಿಗೆ ಇನ್ನೊಂದು ಕೇಸು. ನನಗೆ 54 ವರ್ಷ. ನನ್ನಿಂದ ಆಗುವುದಿಲ್ಲ.

ಇಲ್ಲಿ ಒಂದು ವಾದ ಬರುತ್ತದೆ ಎಂದು ನನಗೆ ಗೊತ್ತು. ಹೆಂಡದ ವ್ಯಾಪಾರ ಯಾರ ಹಕ್ಕೂ ಅಲ್ಲ, ಸರ್ಕಾರ ಕೊಡುವ ಅವಕಾಶ ಅಷ್ಟೆ. ಕೊಟ್ಟವರು ಕಿತ್ತುಕೊಳ್ಳಲೂಬಹುದು. 1994ರಲ್ಲಿ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದೇ ಹೇಳಿದೆ. ನಾನು ಅದನ್ನು ಒಪ್ಪುತ್ತೇನೆ. ಸಂವಿಧಾನದ 47ನೇ ವಿಧಿ ಮದ್ಯಪಾನವನ್ನು ತಡೆಯಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಅದನ್ನೂ ಗೌರವಿಸುತ್ತೇನೆ. ಹಳ್ಳಿಗಳಲ್ಲಿ ಹೆಂಗಸರು ಅಂಗಡಿ ಬೇಡ ಎಂದು ರಸ್ತೆಗೆ ಇಳಿದಾಗ ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾನೂ ಒಬ್ಬ ತಾಯಿ. 2007ರಲ್ಲಿ ಸಾರಾಯಿ ನಿಷೇಧ ಆದಾಗ ನಮ್ಮ ಮನೆಯಲ್ಲಿ ಮೊದಲು ಖುಷಿಪಟ್ಟವರು ನನ್ನ ಅತ್ತೆ. ನಾಳೆ ಸರ್ಕಾರ ಎಲ್ಲ ಅಂಗಡಿ ಮುಚ್ಚುತ್ತೇವೆ ಎಂದು ಕಾನೂನು ಮಾಡಿದರೆ ಬೀಗದ ಕೈ ತಂದು ಕೊಡುತ್ತೇನೆ.

ಆದರೆ ಇವತ್ತಿನ ಸತ್ಯ ಬೇರೆ. ಈ ವ್ಯಾಪಾರ ನಡೆಯಬೇಕೆಂದು ಸರ್ಕಾರವೇ ಬಯಸಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತು. ಆ ಹಣ ನನ್ನಂಥವರ ಗಲ್ಲಾ ದಾಟಿಯೇ ಖಜಾನೆಗೆ ಹೋಗುವುದು. ಮಂಡ್ಯದವಳಾಗಿ ನನಗೆ ಇನ್ನೊಂದು ನಂಟೂ ಕಾಣುತ್ತದೆ. ನಮ್ಮ ಗದ್ದೆಯ ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಉಳಿಯುವ ಕಾಕಂಬಿಯೇ ಸ್ಪಿರಿಟ್ ಆಗುತ್ತದೆ. ರೈತ, ಕಾರ್ಖಾನೆ, ನಿಗಮ, ಅಂಗಡಿ, ಖಜಾನೆ ಎಲ್ಲ ಒಂದೇ ಸರಪಳಿ. ಅದರಲ್ಲಿ ಅಂಗಡಿಯವರನ್ನು ಮಾತ್ರ ನ್ಯಾಯದ ಹೊರಗೆ ನಿಲ್ಲಿಸಬಾರದು.

ಕೋರ್ಟೂ ಹಾಗೆ ನಿಲ್ಲಿಸಿಲ್ಲ. ಮಧ್ಯಪ್ರದೇಶ ಸರ್ಕಾರ ಮತ್ತು ನಂದಲಾಲ್ ಜೈಸ್ವಾಲ್ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಮದ್ಯದ ಲೈಸೆನ್ಸ್ ಕೊಡುವಾಗಲೂ ಸರ್ಕಾರ ಮನಸ್ಸಿಗೆ ಬಂದ ಹಾಗೆ ನಡೆದುಕೊಳ್ಳುವಂತಿಲ್ಲ, ಸಂವಿಧಾನದ 14ನೇ ವಿಧಿಯ ಸಮಾನತೆ ಅಲ್ಲೂ ಇದೆ. ನನಗೆ ವ್ಯಾಪಾರದ ಹಕ್ಕಿಲ್ಲದಿರಬಹುದು. ಕೊಟ್ಟ ಉತ್ತರವನ್ನು ಓದಿ ನೋಡಿ ಎಂದು ಕೇಳುವ ಹಕ್ಕಂತೂ ಇದೆ.

ಇನ್ನೊಂದು ಆತಂಕ ನಿಜವಾದದ್ದು. ಸೋತಾಗಲೆಲ್ಲ ಸರ್ಕಾರ ಖರ್ಚು ಕೊಡಬೇಕು ಎಂದಾದರೆ ಅಧಿಕಾರಿಗಳು ಹೆದರಿಕೊಂಡು ಕ್ರಮವನ್ನೇ ಕೈಗೊಳ್ಳುವುದಿಲ್ಲ. ಕಳ್ಳ ಮಾಲು ಮಾರುವವರಿಗೆ, ಮಕ್ಕಳ ಕೈಗೆ ಬಾಟಲಿ ಕೊಡುವವರಿಗೆ ಧೈರ್ಯ ಬರುತ್ತದೆ. ಇಂಗ್ಲೆಂಡಿನಲ್ಲಿ 2000ನೇ ಇಸವಿಯಲ್ಲಿ ಬ್ರಾಡ್‌ಫರ್ಡ್ ನಗರಸಭೆಯ ಒಂದು ಪ್ರಕರಣದಲ್ಲಿ ಅಲ್ಲಿನ ಕೋರ್ಟು ಇದೇ ಮಾತು ಹೇಳಿದೆಯಂತೆ. ಅದು ಬಾಡಿಗೆ ಕಾರಿನ ಲೈಸೆನ್ಸ್ ವಿಷಯ. ಲೈಸೆನ್ಸ್ ಕೊಡುವ ಸಂಸ್ಥೆ ಪ್ರಾಮಾಣಿಕವಾಗಿ, ವಿವೇಕದಿಂದ, ಸರಿಯಾದ ಕಾರಣದ ಮೇಲೆ ನಡೆದುಕೊಂಡಿದ್ದರೆ ಮೇಲ್ಮನವಿಯಲ್ಲಿ ಸೋತ ಮಾತ್ರಕ್ಕೆ ಖರ್ಚು ಹೊರಬೇಕಾಗಿಲ್ಲ ಎಂದು ಅದರ ಸಾರ.

ನಾನು ಈ ಮಾತನ್ನು ತುಂಬ ದಿನ ಯೋಚಿಸಿದೆ. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಅಧಿಕಾರಿ ಎದುರಿಗಿದ್ದ ಕಾಗದ ಎಲ್ಲ ಓದಿ, ಎರಡೂ ಕಡೆ ಕೇಳಿ, ಒಂದು ತೀರ್ಮಾನಕ್ಕೆ ಬಂದಿದ್ದರೆ, ಮೇಲಿನವರು ಅದನ್ನು ಬೇರೆ ರೀತಿ ನೋಡಿದರೆ, ಅದು ಯಾರ ತಪ್ಪೂ ಅಲ್ಲ. ಅಂಥ ಕಡೆ ಖರ್ಚು ಬೇಡ. ಆದರೆ ಸೀಲು ಹಾಕಿ ತೆಗೆದುಕೊಂಡ ಉತ್ತರವನ್ನು ಬಂದೇ ಇಲ್ಲ ಎಂದು ಬರೆದದ್ದು ಅಭಿಪ್ರಾಯ ಭೇದ ಅಲ್ಲ. ಅಲ್ಲಿ ಯೋಚನೆಯೇ ನಡೆದಿಲ್ಲ.

ಅಮೆರಿಕದಲ್ಲಿ ಈ ಎರಡರ ನಡುವೆ ಒಂದು ಗೆರೆ ಎಳೆದಿದ್ದಾರೆ. 1980ರಲ್ಲಿ ಅವರ ಸಂಸತ್ತು ಒಂದು ಕಾನೂನು ಮಾಡಿತು. ಸಾಮಾನ್ಯ ಜನ, ಸಣ್ಣ ವ್ಯಾಪಾರಿಗಳು ಕೇಂದ್ರ ಸರ್ಕಾರದ ವಿರುದ್ಧ ಗೆದ್ದರೆ ವಕೀಲರ ಫೀಸನ್ನು ಸರ್ಕಾರ ಕೊಡಬೇಕು. ತನ್ನ ನಿಲುವಿಗೆ ಕಾನೂನಿನಲ್ಲೂ ಸಂಗತಿಯಲ್ಲೂ ಗಟ್ಟಿ ಆಧಾರ ಇತ್ತು ಎಂದು ಸರ್ಕಾರ ತೋರಿಸಿದರೆ ಕೊಡಬೇಕಾಗಿಲ್ಲ. ದೊಡ್ಡ ಕುಳಗಳಿಗೆ ಇದು ಸಿಗುವುದಿಲ್ಲ, ಆಸ್ತಿಗೆ ಮಿತಿ ಇದೆ. ವಕೀಲರ ಫೀಸಿಗೂ ಮಿತಿ ಇದೆ. 1996ರಿಂದ ಗಂಟೆಗೆ 125 ಡಾಲರ್, ಬೆಲೆ ಏರಿಕೆ ನೋಡಿ ಕೋರ್ಟು ಹೆಚ್ಚಿಸಬಹುದು. ಅಲ್ಲಿನ ಕೆಲವು ರಾಜ್ಯಗಳೂ ತಮ್ಮ ಇಲಾಖೆಗಳಿಗೆ ಇಂಥದ್ದೇ ಕಾನೂನು ಮಾಡಿಕೊಂಡಿವೆ. ವಾಷಿಂಗ್ಟನ್ ರಾಜ್ಯದಲ್ಲಿ 1995ರಲ್ಲಿ ಬಂತು, ಮಿತಿ 25,000 ಡಾಲರ್. ಅಲ್ಲೂ ಮದ್ಯದ ಲೈಸೆನ್ಸ್ ನೋಡಿಕೊಳ್ಳುವುದು ಒಂದು ಸರ್ಕಾರಿ ಮಂಡಳಿಯೇ. ಇದನ್ನು ಕೇಳಿದಾಗ ನನ್ನ ಮನಸ್ಸಿಗೆ ಸಮಾಧಾನ ಆಯಿತು. ನಾನು ಕೇಳುತ್ತಿರುವುದು ಎಲ್ಲೂ ಇಲ್ಲದ ಆಸೆ ಅಲ್ಲ.

ನಮ್ಮಲ್ಲಿ ಏನು ಮಾಡಬಹುದು? ಕರ್ನಾಟಕ ಅಬಕಾರಿ ಕಾಯ್ದೆ 1965ರ 29ನೇ ಕಲಂ ಸನ್ನದು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಕೊಡುತ್ತದೆ. ಆ ಅಧಿಕಾರ ಇರಲೇಬೇಕು. 61ನೇ ಕಲಂ ಮೇಲ್ಮನವಿಯ ದಾರಿ ಕೊಡುತ್ತದೆ. ಆ ದಾರಿಯಲ್ಲಿ ನಡೆದು ಗೆದ್ದವರ ಖರ್ಚಿಗೆ ಒಂದು ಸ್ಪಷ್ಟ ನಿಯಮ ಸೇರಿಸಿ ಎಂಬುದೇ ನನ್ನ ಬೇಡಿಕೆ. ಆದೇಶ ಪೂರ್ತಿ ರದ್ದಾದರೆ, ಅದಕ್ಕೆ ಸರಿಯಾದ ಆಧಾರ ಇರಲಿಲ್ಲ ಅಥವಾ ನಮ್ಮ ಮಾತು ಕೇಳದೆ ಮಾಡಿದ್ದು ಎಂದು ತೀರ್ಪಿನಲ್ಲೇ ಬಂದರೆ, ಖರ್ಚು ಕೊಡಿಸುವುದು ಸಾಮಾನ್ಯ ನಿಯಮ ಆಗಲಿ. ಕೊಡಿಸದಿದ್ದರೆ ಕಾರಣ ಬರೆಯಲಿ. ಒಂದು ದರಪಟ್ಟಿ ಇರಲಿ, ಅದನ್ನು ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸಲಿ. ಇಲ್ಲದಿದ್ದರೆ ಅದೂ 3,000 ರೂಪಾಯಿಯ ಹಾಗೆ ಹಳೆಯದಾಗಿ ಹೋಗುತ್ತದೆ. ದೊಡ್ಡ ಹೋಟೆಲು, ದೊಡ್ಡ ಕಂಪನಿಗಳನ್ನು ಬೇಕಾದರೆ ಹೊರಗಿಡಿ. ಅವರ ಹತ್ತಿರ ವಕೀಲರ ದಂಡೇ ಇರುತ್ತದೆ.

ಮುಚ್ಚಿದ್ದ ದಿನಗಳ ಸನ್ನದು ಶುಲ್ಕ ವಾಪಸ್ಸು ಕೊಡುವುದಕ್ಕಂತೂ ಯೋಚನೆಯೇ ಬೇಕಾಗಿಲ್ಲ. ವ್ಯಾಪಾರ ಮಾಡಲು ಬಿಡದ ದಿನಕ್ಕೆ ವ್ಯಾಪಾರದ ಶುಲ್ಕ ಇಟ್ಟುಕೊಳ್ಳುವುದು ಯಾವ ಲೆಕ್ಕ? ಮುಂದಿನ ವರ್ಷದ ಶುಲ್ಕದಲ್ಲಿ ಹೊಂದಿಸಿಕೊಟ್ಟರೂ ಸಾಕು. ಹಣವನ್ನು ಅರವತ್ತು ದಿನದ ಒಳಗೆ ಕೊಡಲಿ, ತಡವಾದರೆ ಬಡ್ಡಿ ಸೇರಿಸಿ ಕೊಡಲಿ. ನಾವು ಶುಲ್ಕ ತಡ ಮಾಡಿದರೆ ನಮ್ಮ ಹತ್ತಿರ ಕೇಳುತ್ತಾರೆ ತಾನೆ.

ಅಧಿಕಾರಿಯ ಸಂಬಳದಿಂದ ಕಡಿತ ಮಾಡಿ ಎಂದು ನಾನು ಕೇಳುವುದಿಲ್ಲ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟು, ಜನರನ್ನು ಬೇಕೆಂದೇ ಸತಾಯಿಸಿದ್ದರೆ ಕೊಟ್ಟ ಪರಿಹಾರವನ್ನು ಹೊಣೆಯಾದವರಿಂದ ವಸೂಲಿ ಮಾಡಿ ಎಂದಿದೆ. ದುರುದ್ದೇಶ ಸಾಬೀತಾದರೆ ಆ ದಾರಿ ಇದ್ದೇ ಇದೆ. ಉಳಿದಂತೆ ಹಣ ಇಲಾಖೆಯ ಲೆಕ್ಕದಿಂದ ಹೋಗಲಿ. ಆದರೆ ಎಷ್ಟು ಆದೇಶ ರದ್ದಾಯಿತು, ಎಷ್ಟು ಖರ್ಚು ಕೊಡಬೇಕಾಯಿತು ಎಂಬುದನ್ನು ಪ್ರತಿ ವರ್ಷ ಜಿಲ್ಲಾವಾರು ಪ್ರಕಟಿಸಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಈಗ ತಪ್ಪು ಆದೇಶದ ಬೆಲೆ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಅದು ಇರುವುದು ನನ್ನ ಪುಸ್ತಕದಲ್ಲಿ. ಮೇಲಿನವರ ಕಣ್ಣಿಗೆ ಬೀಳದ ಬೆಲೆಯನ್ನು ಯಾರು ತಾನೇ ಕಡಿಮೆ ಮಾಡಲು ಹೋಗುತ್ತಾರೆ? ಸಹಿ ಹಾಕುವ ಮುಂಚೆ ‘ಉತ್ತರ ಬಂದಿದೆಯಾ, ಇನ್ನೊಂದು ಸಲ ನೋಡಿ’ ಎಂದು ಒಬ್ಬರು ಗುಮಾಸ್ತರನ್ನು ಕೇಳಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತು. ಅಷ್ಟೇ ಬೇಕಾಗಿತ್ತು.

ಮಾನ್ಯ ಕಾನೂನು ಸಚಿವರೇ, ಸರ್ಕಾರದ ಕೇಸುಗಳು ಸರಿಯಾಗಿ ನಡೆಯಬೇಕು, ವಿಳಂಬಕ್ಕೆ ಹೊಣೆ ಇರಬೇಕು ಎಂದು 2023ರಲ್ಲಿ ವಿಧಾನಮಂಡಲ ಒಂದು ಮಸೂದೆಯನ್ನೇ ಒಪ್ಪಿತು. ಅದು ಸರ್ಕಾರಕ್ಕೆ ಆಗುವ ನಷ್ಟ ತಪ್ಪಿಸಲು ತುಂಬ ಒಳ್ಳೆಯ ಹೆಜ್ಜೆ. ಎದುರು ಕಡೆ ನಿಂತ ನಮ್ಮ ನಷ್ಟವನ್ನೂ ಅದೇ ಕಾಳಜಿಯಿಂದ ನೋಡಿ ಎಂದು ಕೇಳುತ್ತೇನೆ.

ಇದು ಬ್ರಾಂದಿ ಅಂಗಡಿಯವರ ಗೋಳು ಎಂದು ಪಕ್ಕಕ್ಕೆ ಇಡಬೇಡಿ. ನಮ್ಮ ಬೀದಿಯಲ್ಲೇ ಮೆಡಿಕಲ್ ಸ್ಟೋರ್ ಇದೆ, ನ್ಯಾಯಬೆಲೆ ಅಂಗಡಿ ಇದೆ, ಸಣ್ಣ ಹೋಟೆಲ್ ಇದೆ. ಊರಾಚೆ ಆಲೆಮನೆಗಳಿವೆ. ಎಲ್ಲರೂ ಒಂದಲ್ಲ ಒಂದು ಲೈಸೆನ್ಸಿನ ಮೇಲೆ ಬದುಕುವವರೇ. ಯಾರಿಗೆ ಅನ್ಯಾಯದ ಆದೇಶ ಬಂದರೂ ಮೊದಲು ಕಿವಿಗೆ ಬೀಳುವ ಮಾತು ‘ದಂಡ ಕಟ್ಬುಡಿ’ ಎಂಬುದೇ. ಕಟ್ಟುತ್ತಾರೆ. ಆ ತಪ್ಪು ಆದೇಶ ಸರಿಯಾದ ಆದೇಶ ಎಂದೇ ಕಡತದಲ್ಲಿ ಉಳಿಯುತ್ತದೆ. ನನ್ನ ಕೇಸು ಆದ ಮೇಲೆ ಪಕ್ಕದ ತಾಲ್ಲೂಕಿನ ಒಬ್ಬ ಸನ್ನದುದಾರರು ಬಂದಿದ್ದರು. ಅವರ ಕೈಯಲ್ಲೂ ಒಂದು ನೋಟಿಸ್ ಇತ್ತು. ‘ಅಮ್ಮ, ನೀವು ಗೆದ್ದಿರಲ್ಲ, ನಾನೂ ಹೋಗಲಾ?’ ಎಂದು ಕೇಳಿದರು. ನಾನು ಪುಸ್ತಕ ತೆಗೆದು ಕೊನೆಯ ಹಾಳೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮೊತ್ತ ನೋಡಿದರು. ಟೀ ಕುಡಿದು, ದಂಡ ಕಟ್ಟಲು ಹೋದರು.

ನಾನು ತಡೆಯಲಿಲ್ಲ. ಏನು ಹೇಳಿ ತಡೆಯಬೇಕಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಈ ಪತ್ರದ ಜೊತೆ ಆ ಪುಸ್ತಕದ ಏಳು ಹಾಳೆಗಳ ಜೆರಾಕ್ಸ್, ಬಿಲ್ಲುಗಳು, ರೈಲಿನ ಟಿಕೆಟ್ಟುಗಳು, ಸೀಲು ಹಾಕಿದ ಸ್ವೀಕೃತಿ, ತೀರ್ಪಿನ ದೃಢೀಕೃತ ಪ್ರತಿ ಇಟ್ಟು ನಿಮ್ಮಿಬ್ಬರ ಕಚೇರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಯಾವ ಮೊತ್ತದ ಮೇಲೆ ಅನುಮಾನ ಬಂದರೂ ಕರೆಸಿ, ಮೂಲ ಪ್ರತಿ ತಂದು ತೋರಿಸುತ್ತೇನೆ. ಪೋಸ್ಟಿನ ಖರ್ಚನ್ನೂ ಎಂಟನೇ ಹಾಳೆಯಲ್ಲಿ ಬರೆದಿದ್ದೇನೆ. ಜುಲೈ 1ಕ್ಕೆ ನನ್ನ ಸನ್ನದು ಮತ್ತೆ ನವೀಕರಣ ಆಗಬೇಕು. ಅಷ್ಟರೊಳಗೆ ನಿಮ್ಮಿಂದ ಒಂದು ಉತ್ತರ ಬರುತ್ತದೆ ಎಂದು ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,
ಮಂಡ್ಯದ ಒಬ್ಬ ಸನ್ನದುದಾರಳು